ಚಾಪೆಯಷ್ಟು ಗದ್ದೆ

ಮೊದಲಿಗೆ ಓದುಗರಲ್ಲಿ ಒಂದು ವಿನಂತಿ. ನಾನು ಬರೆದು ಅಭ್ಯಾಸವಿರುವವಳಲ್ಲ. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು, ಅದೂ ವಾಣಿಜ್ಯದಲ್ಲಿ. ಮನೆಮಾತು ತುಳು, ಕನ್ನಡ ಶಾಲೆಯಿಂದ ಬಂದದ್ದು. ಇಲ್ಲಿ ಬರುವ ಮಾತುಗಳೆಲ್ಲ ತುಳುವಿನಲ್ಲಿ ಆಡಿದಂಥವು. ಅವನ್ನು ನಮ್ಮ ಕಡೆಯ ಕನ್ನಡಕ್ಕೆ ತಂದು ಬರೆದಿದ್ದೇನೆ. ಹಾಗೆ ತರುವಾಗ ಏರುಪೇರಾಗಿದ್ದರೆ ತಿಳಿದವರು ತಿದ್ದಿಕೊಂಡು ಓದಬೇಕು. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆಂಬ ಕ್ರಮವನ್ನು ಪೂರ್ತಿಯಾಗಿ ಪಾಲಿಸಲು ನನ್ನಿಂದ ಆಗಿಲ್ಲ. ಅದಕ್ಕೂ ಕ್ಷಮೆಯಿರಲಿ.

ಈ ವರ್ಷ ನವರಾತ್ರಿಯ ಸಮಯದಲ್ಲಿ ಬಿ.ಸಿ. ರೋಡಿನ ಬಸ್ ನಿಲ್ದಾಣದ ಎದುರು ಒಬ್ಬಳು ಹೆಂಗಸು ಭತ್ತದ ತೆನೆ ಮಾರುತ್ತಿದ್ದಳು. ಐದಾರು ತೆನೆ, ಜೊತೆಗೆ ಮಾವಿನೆಲೆ, ಹಲಸಿನೆಲೆ, ಬಿದಿರಿನ ಎಲೆ, ಎಲ್ಲವನ್ನೂ ಬಾಳೆನಾರಿನಿಂದ ಕಟ್ಟಿ, ಹೂವಿನ ಬುಟ್ಟಿಯ ಪಕ್ಕದಲ್ಲಿ ಪೇರಿಸಿಟ್ಟಿದ್ದಳು.

"ತೆಗೊಳ್ಳಿ ಅಕ್ಕ, ಫುಲ್ ಸೆಟ್ ಉಂಟು. ನೀವು ಮನೆಗೆ ಹೋಗಿ ಬಾಗಿಲಿಗೆ ಸಿಕ್ಕಿಸಿದ್ರೆ ಆಯ್ತು."

"ಇದು ಯಾವ ಬೈಲುಗದ್ದೆಯ ತೆನೆ?" ಎಂದು ಕೇಳಿದೆ.

"ಘಟ್ಟದ ಮೇಲಿಂದ ಬಂದದ್ದು. ಇಲ್ಲಿ ಬೈಲು ಎಲ್ಲುಂಟು ಅಕ್ಕ, ನೀವು ಒಳ್ಳೆ ಕೇಳ್ತೀರಿ!" ಎಂದು ನಕ್ಕಳು.

ಒಂದು ಕಟ್ಟು ಕೊಂಡು ಕೈಚೀಲಕ್ಕೆ ಹಾಕಿದೆ. ಬಸ್ಸಿನಲ್ಲಿ ಕುಳಿತ ಮೇಲೆ ಚೀಲದ ಬಾಯಿಯಿಂದ ಆ ವಾಸನೆ ಬಂತು. ಹಸಿ ಹುಲ್ಲು, ಸ್ವಲ್ಪ ಹಾಲು, ಸ್ವಲ್ಪ ಕೆಸರು... ಅದರೊಂದಿಗೆ ನನ್ನ ಸೋದರಮಾವ ನೆನಪಾದರು.

ನಮ್ಮಲ್ಲಿ ಹಳೆಯ ಕ್ರಮದಂತೆ ಆಸ್ತಿ ಹೆಣ್ಣುಮಕ್ಕಳ ಕಡೆಯಿಂದ ಮುಂದಕ್ಕೆ ಹೋಗುತ್ತದೆ. ಅದನ್ನು ನೋಡಿಕೊಳ್ಳುವ ಯಜಮಾನಿಕೆ ಮಾತ್ರ ತಾಯಿಯ ಅಣ್ಣನದ್ದು. ನನ್ನ ತಂದೆ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದು, ನಾನು ಚಿಕ್ಕವಳಿರುವಾಗಲೇ ಅಲ್ಲಿಯೇ ತೀರಿಕೊಂಡರು. ಹಾಗಾಗಿ ಮನೆಯಲ್ಲಿ ಇದ್ದದ್ದು ಮೂವರೇ: ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಅಮ್ಮ, ನಾನು ಮತ್ತು ಮದುವೆಯಾಗದೆ ಉಳಿದ ಮಾವ. ತೋಡಾರಿನ ಹತ್ತಿರ, ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಗೆ ತಾಗಿಕೊಂಡು ನಮ್ಮದೊಂದು ಗದ್ದೆಯಿತ್ತು. ಮಾವ ಸಂಜೆ ಬಿಳಿ ಪಂಚೆಯುಟ್ಟು ಅದರ ಬದುವಿನ ಮೇಲೆ ಸುಮ್ಮನೆ ನಡೆಯುತ್ತಿದ್ದರು. ಕೆಲಸವೇನೂ ಇರುತ್ತಿರಲಿಲ್ಲ. ರಸ್ತೆಯಲ್ಲಿ ಹೋಗುವವರಿಗೆ ತಾವು ಕಾಣಿಸಬೇಕು, ಅಷ್ಟೆ.

"ನಾನು ಬರೀ ಕಾವಲಿನವ ಮಗಾ. ಧನಿ ನೀನು," ಎಂದು ನನಗೆ ಹೇಳುತ್ತಿದ್ದರು. ಆ ಮಾತನ್ನು ನಾನು ನಂಬಿದ್ದೆ.

ಆ ಗದ್ದೆಯಿಂದ ಬರುವ ಅಕ್ಕಿ ನಮಗೆ ವರ್ಷದ ಹೆಚ್ಚಿನ ಭಾಗಕ್ಕೆ ಸಾಕಾಗುತ್ತಿತ್ತು. ಅಮ್ಮನಿಗೆ ಅದು ದೊಡ್ಡ ಧೈರ್ಯ. ಬೀಡಿಯ ಎಲೆ ಸರಿ ಬಾರದ ವಾರವೂ ಅನ್ನಕ್ಕೆ ತೊಂದರೆಯಿಲ್ಲ ಎನ್ನುವ ಧೈರ್ಯ. ಮಾವನಿಗಾದರೋ ಅಕ್ಕಿಗಿಂತ ತೆನೆಯೇ ದೊಡ್ಡದು. ನಮ್ಮ ಕಡೆ ಮಳೆಗಾಲದ ಬೆಳೆ ಹಾಲು ತುಂಬುವ ಹೊತ್ತಿಗೆ ಒಂದು ಮುಂಜಾನೆ ಮನೆಯ ಯಜಮಾನ ಸ್ನಾನ ಮಾಡಿ, ತನ್ನದೇ ಗದ್ದೆಗಿಳಿದು ತೆನೆ ಕೊಯ್ದು, ಬಾಳೆಲೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ತರಬೇಕು. ದಾರಿಯಲ್ಲಿ ಯಾರೊಡನೆಯೂ ಮಾತನಾಡುವಂತಿಲ್ಲ. ಮನೆಯ ಹೆಂಗಸು ಅವರ ಕಾಲಿಗೆ ನೀರು ಹೊಯ್ದು ಒಳಗೆ ಕರೆದುಕೊಳ್ಳಬೇಕು. ಆಮೇಲೆ ಆ ತೆನೆಯನ್ನು ಬಾಗಿಲಿಗೆ, ಕಂಬಕ್ಕೆ, ಬಾವಿಯ ರಾಟೆಗೆ, ಅಕ್ಕಿಯ ಪೆಟ್ಟಿಗೆಗೆ ಕಟ್ಟುವುದು. ಇದಕ್ಕೆ ಮನೆ ತುಂಬಿಸುವುದು ಎನ್ನುತ್ತೇವೆ. ಮುಂದೆ ಒಂದು ದಿನ ಹೊಸ ಅಕ್ಕಿಯ ಊಟ. ಅಂದು ಚಿಕ್ಕವರು ತುತ್ತು ಎತ್ತುವ ಮೊದಲು ಹಿರಿಯರಿಗೆ "ಹೊಸತು ಉಣ್ತೇನೆ" ಎಂದು ಹೇಳಿ ಉಣ್ಣಬೇಕು. ಮಾವ "ಉಣ್ಣು ಮಗಾ" ಎನ್ನುವವರೆಗೆ ನಾನು ಕೈ ತಡೆದು ಕುಳಿತಿರುತ್ತಿದ್ದೆ.

ನಾನು ಪಿಯುಸಿ ಓದುವ ಕಾಲಕ್ಕೆ ಹೆದ್ದಾರಿಯ ಬಣ್ಣ ಬದಲಾಯಿತು. ಬಳ್ಳಾರಿಯ ಕಡೆಯಿಂದ ಅದಿರಿನ ಲಾರಿಗಳು ಘಟ್ಟ ಇಳಿದು ಬಂದರಿಗೆ ಹೋಗತೊಡಗಿದವು. ಮೊದಲೆಲ್ಲ ಗಣಿಯಲ್ಲಿ ಬೆಲೆಯಿಲ್ಲದೆ ರಾಶಿ ಬಿದ್ದಿರುತ್ತಿದ್ದ ಪುಡಿ ಅದಿರಿಗೆ ಚೀನಾದ ಉಕ್ಕಿನ ಕಾರ್ಖಾನೆಗಳಿಂದ ಬೇಡಿಕೆ ಬಂದಿತ್ತು. ಬೆಲೆಯೂ ಏರುತ್ತಾ ಇತ್ತು. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆಗ ನಮಗೆ ಗೊತ್ತಿದ್ದದ್ದು ಕೆಂಪು ಧೂಳು ಮಾತ್ರ. ತುಳಸಿಯ ಎಲೆ ಕೆಂಪು, ಒಗೆದು ಹಾಕಿದ ಬಟ್ಟೆ ಕೆಂಪು. ಅಮ್ಮ ಬೀಡಿಯ ಎಲೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದರು. ಬಂದರಿನ ಅಂಗಳಗಳು ತುಂಬಿ, ಹಡಗು ಬರುವವರೆಗೆ ಅದಿರನ್ನು ಸುರಿದಿಡಲು ವ್ಯಾಪಾರಿಗಳು ಹೆದ್ದಾರಿಯ ಬದಿಯಲ್ಲಿ ಜಾಗ ಹುಡುಕುತ್ತಿದ್ದಾರೆಂದು ಸುದ್ದಿಯಾಯಿತು.

ಒಂದು ಮಧ್ಯಾಹ್ನ ಅಂಥ ಒಬ್ಬ ವ್ಯಾಪಾರಿಯ ಮ್ಯಾನೇಜರ್ ಜೀಪಿನಲ್ಲಿ ನಮ್ಮ ಅಂಗಳಕ್ಕೆ ಬಂದ. ಮಾವ ಅವನಿಗೆ ಬೆಲ್ಲ, ನೀರು ಕೊಡಿಸಿದರು.

"ಭತ್ತದ ನೇಜಿ ನೆಡ್ಲಿಕ್ಕೆ ಈಗ ಜನ ಸಿಗ್ತದಾ ಯಜಮಾನ್ರೇ?" ಎಂದು ಆತ ಮಾತು ತೆಗೆದ.

"ಎಲ್ಲಿಂದ ಸಿಗುದು? ಕಾಲು ಹಿಡಿದ್ರೂ ಬರುದಿಲ್ಲ."

"ಅದೇ ನಾನು ಹೇಳುದು. ನಿಮಗೆ ತಲೆಬಿಸಿ ಬೇಡ. ನಾವು ಮಣ್ಣು ತಂದು ಹಾಕ್ತೇವೆ, ಮಣ್ಣು ತಗೊಂಡು ಹೋಗ್ತೇವೆ. ನೀವು ಬಾಡಿಗೆ ತೆಗೊಂಡು ಜಗಲಿಯಲ್ಲಿ ಕೂತ್ಕೊಳ್ಳಿ."

"ಮಣ್ಣೇ ಅಲ್ವಾ ಅದು?"

"ಮಣ್ಣೇ. ಸ್ವಲ್ಪ ತೂಕ ಜಾಸ್ತಿ."

ಇಬ್ಬರೂ ನಕ್ಕರು. ಜಗಲಿಯ ತುದಿಯಲ್ಲಿ ಮೊರ ಹಿಡಿದು ಕುಳಿತಿದ್ದ ಅಮ್ಮ ತಲೆಯೆತ್ತದೆ ಹೇಳಿದರು: "ಅಣ್ಣಾ, ಮಳೆ ಬಂದ್ರೆ ಆ ನೀರು ಎಲ್ಲಿಗೆ ಹೋಗ್ತದೆ ಅಂತ ಕೇಳು."

"ನೀನು ಬೀಡಿ ಕಟ್ಟು ಮಾರಾಯ್ತಿ. ನೀರು ತೋಡಿಗೆ ಹೋಗ್ತದೆ, ಮತ್ತೆಂತ ಸ್ವರ್ಗಕ್ಕೆ ಹೋಗ್ತದಾ?" ಎಂದರು ಮಾವ.

ಅನಂತರ ಮಾವ ಎದ್ದು ನಿಂತು, ಪಂಚೆ ಸರಿಮಾಡಿಕೊಂಡು, ತಮ್ಮ ಕಡೆಯಿಂದ ಒಂದು ಷರತ್ತು ಉಂಟು ಎಂದರು. ನಾನು ಬಾಗಿಲ ಬಳಿ ನಿಂತು ಕೇಳುತ್ತಿದ್ದೆ. ಗದ್ದೆಯನ್ನು ಬಿಟ್ಟುಕೊಡುವಾಗ ಮೊದಲಿದ್ದಂತೆ ಮಾಡಿಕೊಡಬೇಕೆಂದು ಅವರು ಕೇಳಬಹುದಿತ್ತು. ಬದುಗಳನ್ನು ಮುರಿಯಬಾರದೆಂದು ಕೇಳಬಹುದಿತ್ತು. ಅವರು ಕೇಳಿದ್ದು ಇದು:

"ಮೂಡಣ ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗ ಬಿಡ್ಬೇಕು. ಅಲ್ಲಿ ನಾನು ಭತ್ತ ಹಾಕ್ತೇನೆ. ವರ್ಷಕ್ಕೊಮ್ಮೆ ನಮಗೆ ತೆನೆ ಸಿಗ್ಬೇಕು. ಅದಕ್ಕೆ ತಪ್ಪಬಾರ್ದು."

ಮ್ಯಾನೇಜರ್ ಕ್ಷಣವೂ ಯೋಚಿಸಲಿಲ್ಲ. "ಎರಡು ಚಾಪೆ ಬಿಡುವ ಯಜಮಾನ್ರೇ! ದೇವರ ಕೆಲಸ ಅಲ್ವಾ?"

ಅಷ್ಟು ಬೇಗ ಒಪ್ಪಿದವನ ಮೇಲೆ ಸಂಶಯ ಬರಬೇಕಿತ್ತು. ಮಾವನಿಗೆ ಬಂದದ್ದು ಹೆಮ್ಮೆ. ದೊಡ್ಡ ವ್ಯಾಪಾರಿಯನ್ನು ತಮ್ಮ ಷರತ್ತಿಗೆ ಬಗ್ಗಿಸಿದೆನೆಂದು ಅವರು ಊರಿಡೀ ಹೇಳಿಕೊಂಡು ಬಂದರು.

ಜೆಸಿಬಿ ಬಂದು ಬದುಗಳನ್ನು ಒಡೆದು, ತಗ್ಗಿಗೆ ಕಗ್ಗಲ್ಲು ತುಂಬಿಸಿ, ಗದ್ದೆಯನ್ನು ಒಂದೇ ಮಟ್ಟಕ್ಕೆ ತಂದಿತು. ಅದರ ಮೇಲೆ ಮೊದಲು ಅದಿರಿನ ಪುಡಿಯನ್ನೇ ದಪ್ಪಗೆ ಹರಡಿ, ರೋಲರ್ ಓಡಿಸಿ ಗಟ್ಟಿ ಮಾಡಿದರು. ಮೇಲೆ ಸುರಿಯುವ ಒಳ್ಳೆಯ ಮಾಲಿಗೆ ಕೆಳಗಿನ ಮಣ್ಣು ಸೇರಬಾರದೆಂದು ಹೀಗೆ ಮಾಡುತ್ತಾರಂತೆ. ಆ ತಳದ ಪದರಕ್ಕೆ ಅವರು ಕಾರ್ಪೆಟ್ ಎನ್ನುತ್ತಿದ್ದರು. ಎಷ್ಟು ಲಾರಿ ಬಂದು ಹೋದರೂ ಕಾರ್ಪೆಟ್ ಮಾತ್ರ ಅಲ್ಲಿಯೇ ಉಳಿಯುವಂಥದ್ದು. ಅದನ್ನು ಎತ್ತುವ ಲೆಕ್ಕದಲ್ಲಿ ಯಾರೂ ಹಿಡಿಯುವುದಿಲ್ಲ. ಮಾವನಿಗೆ ಆ ಹೆಸರು ಬಹಳ ಹಿಡಿಸಿತು. "ನಮ್ಮ ಗದ್ದೆಗೆ ಕಾರ್ಪೆಟ್ ಹಾಸಿದ್ದಾರೆ ಗೊತ್ತುಂಟಾ?" ಎಂದು ಚಹಾದಂಗಡಿಯಲ್ಲಿ ಹೇಳುತ್ತಿದ್ದರು.

ಚಾಪೆಯಷ್ಟು ಜಾಗವನ್ನು ಅವರು ಬಿಟ್ಟದ್ದು ನಿಜ. ಮಾವ ಅದಕ್ಕೆ ತೆಂಗಿನ ಗರಿಯ ಬೇಲಿ ಕಟ್ಟಿದರು. ಮೊದಲ ವರ್ಷ ತೆನೆ ಚೆನ್ನಾಗಿಯೇ ಬಂತು. ಆ ಮುಂಜಾನೆ ನಾನೂ ರಸ್ತೆಯ ಬದಿಗೆ ಹೋಗಿ ನಿಂತಿದ್ದೆ. ಅದಿರಿನ ಕೆಂಪು ಗುಡ್ಡದ ಹಿಂದಿನಿಂದ ಮಾವ ಬಾಳೆಲೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಗೆ ಬಂದರು. ಮಾತನಾಡುವಂತಿಲ್ಲವಲ್ಲ, ಕೈ ಮಾತ್ರ ಎತ್ತಿದರು. ಒಳಗೆ ತಿರುಗುತ್ತಿದ್ದ ಲಾರಿ ನಿಂತಿತು. ಹೊಸಪೇಟೆ ಕಡೆಯ ಡ್ರೈವರ್ ಒಬ್ಬ ಇಳಿದು, ಚಪ್ಪಲಿ ಬಿಟ್ಟು, ಕೈಮುಗಿದ. ಮಾವ ಯಾರನ್ನೂ ನೋಡದೆ ನಡೆದರು. ಅಷ್ಟು ಸಂತೋಷವಾಗಿ ಅವರು ನಡೆದದ್ದನ್ನು ನಾನು ಮತ್ತೆ ನೋಡಲಿಲ್ಲ...

ಪದವಿಯ ಎರಡನೆಯ ವರ್ಷ ನಮ್ಮ ಉಪನ್ಯಾಸಕರು ಅದಿರಿನ ರಫ್ತಿನ ಬಗ್ಗೆ ನನ್ನಿಂದ ಒಂದು ಪ್ರಬಂಧ ಬರೆಸಿದರು. ಅದಕ್ಕೆಂದು ಗ್ರಾಫ್ ಹಾಳೆಯಲ್ಲಿ ಒಂದು ರೇಖೆ ಎಳೆದಿದ್ದೆ. ವರ್ಷದಿಂದ ವರ್ಷಕ್ಕೆ ಮೇಲೆ ಹೋಗುವ ರೇಖೆ. ಮಾವ ಅದನ್ನು ನೋಡಿ, "ಇದು ನನಗೆ ಬೇಕು," ಎಂದು ಮಡಚಿ ಕಿಸೆಯಲ್ಲಿ ಇಟ್ಟುಕೊಂಡರು. ಬೆಳುವಾಯಿಯಲ್ಲಿ ದೊಡ್ಡಪ್ಪನ, ಎಂದರೆ ನನ್ನ ತಂದೆಯ ಅಣ್ಣನ, ಮಗಳ ಮದುವೆಯಿತ್ತು. ಅಲ್ಲಿ ಊಟದ ಪಂಕ್ತಿಯಲ್ಲಿಯೇ ದೊಡ್ಡಪ್ಪ ಕೆಣಕಿದರು. ಅವರದು ಗದ್ದೆ ಬಿಡದ ಹಟ.

"ಎಂತ ಭಾವ, ಈ ಸಲ ಗದ್ದೆಗೆ ಎಂತ ಹಾಕಿದ್ದೀರಿ?"

"ಕಬ್ಬಿಣ," ಎಂದರು ಮಾವ, ಎದೆ ಉಬ್ಬಿಸಿ.

"ಹಾಗಾದ್ರೆ ನಿಮ್ಮಲ್ಲಿಗೆ ಊಟಕ್ಕೆ ಬರುವಾಗ ನಾವು ಹಲ್ಲು ಮನೆಯಲ್ಲೇ ಬಿಟ್ಟು ಬರ್ಬೇಕಾ, ಅಥವಾ ಸುತ್ತಿಗೆ ನೀವೇ ಕೊಡ್ತೀರಾ?"

ಪಂಕ್ತಿಯೆಲ್ಲ ನಕ್ಕಿತು. ಮಾವ ಎಡಗೈಯಿಂದ ಕಿಸೆಯ ಹಾಳೆಯನ್ನು ತೆಗೆದು ಬಿಡಿಸಿ ಹಿಡಿದರು. "ನಗಿ, ನಗಿ. ಇದು ಕಾಲೇಜಿನವರು ಮಾಡಿದ ಲೆಕ್ಕ. ಈ ಗೆರೆ ನೋಡಿ, ಎಲ್ಲಿಗೆ ಹೋಗ್ತಾ ಉಂಟು ನೋಡಿ. ನಿಮ್ಮ ಭತ್ತ ಯಾವತ್ತಾದ್ರೂ ಹೀಗೆ ಮೇಲೆ ಹೋದದ್ದುಂಟಾ?"

ಅಮ್ಮ ಹೆಂಗಸರ ಪಂಕ್ತಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ಆ ಹೊತ್ತಿಗೆ ನಾವು ಅಕ್ಕಿಯನ್ನು ಅಂಗಡಿಯಿಂದ ತರಲು ತೊಡಗಿ ಬಹಳ ದಿನಗಳಾಗಿದ್ದವು.

ಅದೇ ವರ್ಷ ಮಳೆ ಜೋರಾಗಿ ಹಿಡಿಯಿತು. ಅದಿರಿನ ರಾಶಿಗೆ ಹೊದೆಸಿದ್ದ ಟರ್ಪಾಲಿನ ಅಡಿಯಿಂದ ಕೆಂಪು ನೀರು ಇಳಿದು, ತೆಂಗಿನ ಗರಿಯ ಬೇಲಿಯೊಳಗೆ ನಿಂತಿತು. ನೀರು ಎಲ್ಲಿಗೆ ಹೋಗುತ್ತದೆ ಎಂಬ ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತು. ಪೈರು ಎದ್ದಿತು, ತೆನೆಯೂ ಹೊರಟಿತು. ಮಾವ ಎಂದಿನಂತೆ ಹೊತ್ತು ತಂದರು. ಅಮ್ಮ ಕಾಲಿಗೆ ನೀರು ಹೊಯ್ದರು. ಬಾಗಿಲಿಗೆ ಕಟ್ಟುವಾಗ ಅಮ್ಮ ಒಂದು ಕಾಳನ್ನು ಉಗುರಿನಲ್ಲಿ ಒತ್ತಿ ನೋಡಿದರು. ಇನ್ನೊಂದನ್ನು ಒತ್ತಿದರು.

"ಅಣ್ಣಾ, ಇದರಲ್ಲಿ ಹಾಲೇ ಇಲ್ಲ."

ಮಾವ ಮಾವಿನೆಲೆಯನ್ನು ಸರಿಮಾಡುತ್ತಾ ಹೇಳಿದರು: "ಕಟ್ಟಲಿಕ್ಕೆ ಅಲ್ವಾ? ತಿನ್ನಲಿಕ್ಕೆ ಅಲ್ಲ."

ಮುಂದಿನದ್ದು ಪತ್ರಿಕೆ ಓದುವವರಿಗೆಲ್ಲ ತಿಳಿದಿರುವ ಸಂಗತಿ. ಅಕ್ರಮ ಗಣಿಗಾರಿಕೆಯ ದೂರುಗಳೆದ್ದವು. ರಫ್ತು ನಿಂತಿತು, ಗಣಿಗಳೂ ಮುಚ್ಚಿದವು. ನಾನು ಎಳೆದ ರೇಖೆ ಕೆಳಗಿಳಿಯಿತು. ಹೆದ್ದಾರಿಯಲ್ಲಿ ಲಾರಿಗಳ ಸದ್ದಡಗಿತು. ಮ್ಯಾನೇಜರ್ ಬರಲಿಲ್ಲ, ಫೋನಿಗೂ ಸಿಗಲಿಲ್ಲ. ನಮ್ಮ ಗದ್ದೆಯ ಮೇಲಿನ ರಾಶಿಗೆ ಸರಿಯಾದ ಪರವಾನಿಗೆ ಇರಲಿಲ್ಲವಂತೆ. ಅಧಿಕಾರಿಗಳು ಬಂದು, ಹಗ್ಗ ಕಟ್ಟಿ, ಜಪ್ತಿ ಮಾಡಲಾಗಿದೆ ಎಂಬ ಫಲಕ ನಿಲ್ಲಿಸಿ ಹೋದರು.

ಮಾವ ಆ ಅಧಿಕಾರಿಗಳ ಕಚೇರಿಗೆ ಹೋಗುವಾಗ ನನ್ನನ್ನು ಜೊತೆಗೆ ಕರೆದರು. ಪದವಿ ಓದಿದವಳು ಮಾತನಾಡಿದರೆ ತೂಕವಿರುತ್ತದೆಂದು ಅವರ ನಂಬಿಕೆ. ಆದರೆ ಅಲ್ಲಿ ನನಗೆ ಬಾಯಿ ತೆರೆಯಲು ಅವಕಾಶವೇ ಸಿಗಲಿಲ್ಲ.

"ಆ ರಾಶಿಯನ್ನು ತೆಗೀಬೇಕು ಸಾರ್. ನೇಜಿ ಹಾಕುವ ಸಮಯ ಬಂತು," ಎಂದರು ಮಾವ.

"ಅದು ಜಪ್ತಿಯಾದ ಮಾಲು. ಮುಟ್ಟಿದರೆ ನಿಮ್ಮ ಮೇಲೆಯೇ ಕೇಸು ಬೀಳ್ತದೆ."

"ಗದ್ದೆ ನಮ್ಮದಲ್ವಾ?"

"ಗದ್ದೆ ನಿಮ್ಮದೇ. ಅಲ್ಲ ಅಂತ ಯಾರು ಹೇಳಿದ್ದು?"

"ಮತ್ತೆ ನಾನು ಭತ್ತ ಎಲ್ಲಿ ಹಾಕುದು?"

"ಗದ್ದೆಯಲ್ಲಿ ಹಾಕಿ. ಅದಿರನ್ನು ಮಾತ್ರ ಮುಟ್ಟಬೇಡಿ," ಎಂದು ಅಧಿಕಾರಿ ಮುಂದಿನವರನ್ನು ಕರೆದರು.

ಮಾವ ಹೊರಗೆ ಬಂದು ಬಸ್ ನಿಲ್ದಾಣದ ಕಡೆಗೆ ನಡೆದರು. ನನ್ನ ಮುಖ ನೋಡಲಿಲ್ಲ.

ಆ ರಾಶಿ ಹಲವು ಮಳೆಗಾಲ ಅಲ್ಲಿಯೇ ಕುಳಿತಿತ್ತು. ಟರ್ಪಾಲು ಹರಿದು ಹೋಯಿತು. ಕೆಂಪು ನೀರು ನಮ್ಮ ಬಾವಿಯವರೆಗೂ ಬಂದು, ಅಮ್ಮ ನೀರಿಗೆ ಪಕ್ಕದ ಮನೆಗೆ ಕೊಡ ಹಿಡಿದು ಹೋಗುವಂತಾಯಿತು. ಕೊನೆಗೆ ಸರಕಾರವೇ ಹರಾಜು ಹಾಕಿ, ನಮ್ಮ ರಾಜ್ಯದ್ದೇ ಒಂದು ಉಕ್ಕಿನ ಕಾರ್ಖಾನೆಯವರು ಅದನ್ನು ಕೊಂಡರು. ಲಾರಿಗಳು ಮತ್ತೆ ಬಂದವು, ಈ ಸಲ ಘಟ್ಟದ ಮೇಲಕ್ಕೆ ಮರಳಿ ಹೋಗಲು. ಕೊನೆಯ ಲಾರಿ ಹೋದ ಸಂಜೆ ಮಾವ ಹಾರೆ ತೆಗೆದುಕೊಂಡು ಗದ್ದೆಗಿಳಿದರು. ಕಾರ್ಪೆಟ್ ಅಲ್ಲಿಯೇ ಇತ್ತು. ಇಷ್ಟು ವರ್ಷಗಳ ಮಳೆ, ಬಿಸಿಲು, ಭಾರಕ್ಕೆ ಅದು ಕಲ್ಲಾಗಿತ್ತು. ಹಾರೆ ಹಾಕಿದರೆ ಕಿಡಿ ಹಾರಿತೇ ಹೊರತು ಮಣ್ಣು ಏಳಲಿಲ್ಲ. ಆಮೇಲೆ ಒಂದು ದಿನ ಜೆಸಿಬಿ ತರಿಸಿದರು. ಅದು ಒಂದು ಪದರ ಕೆರೆದಾಗ ಅದರಡಿಯ ಕಗ್ಗಲ್ಲು ಮೇಲೆ ಬಂತು.

"ಇದರ ಕೆಳಗೆ ಗದ್ದೆ ಉಂಟಾ ಇಲ್ವಾ ಅಂತಲೇ ಡೌಟು ಧನಿ," ಎಂದು ಜೆಸಿಬಿಯವನು ಯಂತ್ರ ನಿಲ್ಲಿಸಿದ.

ಆಗಲೂ ಮಾವ ಚಾಪೆಯಷ್ಟು ಜಾಗವನ್ನು ಬಿಡಲಿಲ್ಲ. ಬೇರೆ ಕಡೆಯ ಮಣ್ಣು ತಂದು ಹಾಕಿ, ಗೊಬ್ಬರ ಹಾಕಿ, ಪೈರು ನೆಟ್ಟರು. ಅದು ಹಳದಿಯಾಗಿ ಮಲಗಿತು.

ಆ ವರ್ಷ ನಾನು ಕಾರ್ಕಳದಲ್ಲಿ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯೇ ಉಳಿದಿದ್ದೆ. ತೆನೆ ಕಟ್ಟುವ ದಿನ ಮನೆಗೆಂದು ಬೆಳಗಿನ ಮೊದಲ ಬಸ್ಸು ಹತ್ತಿದೆ. ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ದೊಡ್ಡಪ್ಪನ ಊರಾದ ಬೆಳುವಾಯಿಯಲ್ಲಿ ಮಾವ ಬಸ್ಸು ಹತ್ತಿದರು. ಹಿಂದಿನ ರಾತ್ರಿಯೇ ಅಲ್ಲಿಗೆ ಹೋಗಿದ್ದಿರಬೇಕು. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಚೀಲದ ಬಾಯಿಯಿಂದ ತೆನೆಯ ತುದಿ ಕಾಣುತ್ತಿತ್ತು. ಅವರ ಹಿಂದೆಯೇ ನಿಲ್ದಾಣದವರೆಗೆ ಬಂದ ದೊಡ್ಡಪ್ಪ ಕೆಳಗೆ ನಿಂತು ಹೇಳಿದ್ದು ನನಗೆ ಕೇಳಿಸಿತು: "ಬರುವ ವರ್ಷವೂ ಬನ್ನಿ ಭಾವ. ಅದಕ್ಕೆಂತ ನಾಚಿಕೆ?"

ಅಂದು ದೊಡ್ಡಪ್ಪ ಕೆಣಕಲಿಲ್ಲ. ಕೆಣಕಿದ್ದರೆ ಮಾವನಿಗೆ ಸುಲಭವಾಗುತ್ತಿತ್ತೋ ಏನೋ.

ನಾನು ಅವರನ್ನು ಕರೆಯಲಿಲ್ಲ. ಅವರು ಮುಂದಿನ ಬಾಗಿಲ ಬಳಿ ಕಂಬ ಹಿಡಿದು ನಿಂತಿದ್ದರು, ಸೀಟು ಖಾಲಿ ಇದ್ದರೂ. ನಮ್ಮ ಮನೆಯ ದಾರಿಗಿಂತ ಮೊದಲೇ, ಗದ್ದೆಯ ಎದುರು ಬಸ್ಸು ನಿಲ್ಲಿಸಲು ಹೇಳಿ ಇಳಿದರು. ನಾನು ನಮ್ಮ ನಿಲ್ದಾಣದಲ್ಲಿ ಇಳಿದು ಹಿಂತಿರುಗಿ ನೋಡಿದೆ. ಆ ಗಟ್ಟಿ ಕೆಂಪು ನೆಲದ ನಡುವೆ ಅವರೊಬ್ಬರೇ ನಡೆದು ಹೋಗಿ, ಮೂಡಣ ಮೂಲೆಯ ಬೇಲಿಯೊಳಗೆ ಇಳಿದರು. ಕುಳಿತು ಚಪ್ಪಲಿ ಬಿಟ್ಟರು. ಚೀಲದಿಂದ ಬಾಳೆಲೆ ತೆಗೆದರು, ತೆನೆ ತೆಗೆದರು. ಒಣಗಿದ ಪೈರಿನ ಮೇಲೆ ಕತ್ತಿಯಾಡಿಸಿದಂತೆ ಒಂದು ಸಲ ಕೈ ಬೀಸಿದರು. ಚೀಲವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಬಾಳೆಲೆಯನ್ನು ತಲೆಯ ಮೇಲಿಟ್ಟುಕೊಂಡು, ತಮ್ಮದೇ ಗದ್ದೆಯಿಂದ ತೆನೆ ತರುವ ಯಜಮಾನನಂತೆ, ಮಾತಿಲ್ಲದೆ ಮನೆಯ ಕಡೆಗೆ ನಡೆದರು.

ಅಂಗಳದಲ್ಲಿ ತಂಬಿಗೆ ಹಿಡಿದು ನಿಂತಿದ್ದ ಅಮ್ಮನಿಗೂ ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ಅಮ್ಮ ಕಾಲಿಗೆ ನೀರು ಹೊಯ್ದರು. ಮಾವನ ಸೊಂಟದಲ್ಲಿ ಪ್ಲಾಸ್ಟಿಕ್ ಚೀಲದ ಕಿವಿ ಹೊರಗೆ ಇಣುಕುತ್ತಿತ್ತು. ಅಮ್ಮ ಅದನ್ನು ನೋಡಿಯೂ ನೋಡದಂತೆ, "ಒಳಗೆ ಬಾ ಅಣ್ಣ," ಎಂದರು. ಆ ದಿನ ಅವರು ಕಾಳನ್ನು ಒತ್ತಿ ನೋಡಲಿಲ್ಲ.

ಮರುವರ್ಷದ ಮಳೆಗಾಲಕ್ಕೆ ಮೊದಲೇ ಮಾವ ತೀರಿಕೊಂಡರು. ಅವರ ಪೆಟ್ಟಿಗೆಯಲ್ಲಿ ಸಿಕ್ಕ ಪಂಚೆಗಳ ಅಂಚು ಎಷ್ಟು ಒಗೆದರೂ ಕೆಂಪಾಗಿಯೇ ಉಳಿದಿತ್ತು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಕೇಳಬೇಕಾದದ್ದನ್ನು ಕೇಳದೆ, ಚಾಪೆಯಷ್ಟನ್ನು ಕೇಳಿ ಉಳಿದದ್ದನ್ನೆಲ್ಲ ಕೊಟ್ಟರು. ಅಮ್ಮನ ಒಂದು ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟಿದ್ದರೆ ಸಾಕಿತ್ತು... ಹೀಗೆ ಅಂದುಕೊಳ್ಳುವಾಗಲೆಲ್ಲ ಬಸ್ಸಿನ ಕಂಬ ಹಿಡಿದು ನಿಂತ ಅವರ ಬೆನ್ನು ಕಾಣುತ್ತದೆ. ಆಗ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

ಗದ್ದೆಯನ್ನು ನಾವು ಮಾರಿದೆವು. ಕೊಂಡವರು ಅಲ್ಲಿ ಸರಳು, ಸಿಮೆಂಟಿನ ಗೋದಾಮು ಕಟ್ಟಿಸಿದ್ದಾರೆ. ಜಾಗ ನೋಡಲು ಬಂದ ಎಂಜಿನಿಯರ್ ಕಾಲಿನಿಂದ ನೆಲ ಗುದ್ದಿ, "ಒಳ್ಳೆ ಗಟ್ಟಿ ಜಾಗ, ತಳಪಾಯಕ್ಕೆ ಖರ್ಚೇ ಇಲ್ಲ," ಎಂದು ಹೊಗಳಿದರು. ಈಗ ನಾನು ಬಿ.ಸಿ. ರೋಡಿನಲ್ಲಿ ಕಬ್ಬಿಣದ ಸರಳು ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ನೋಡುತ್ತೇನೆ. ನನಗೆ ತಿಳಿದಮಟ್ಟಿಗೆ, ನಮ್ಮ ಗಣಿಗಳ ಅದಿರು ಈಗ ಹೆಚ್ಚಾಗಿ ಹಡಗು ಹತ್ತದೆ ದೇಶದೊಳಗೇ ಕರಗುತ್ತದೆ. ಮನೆ, ಸೇತುವೆ, ರಸ್ತೆ ಎಂದು ಕಬ್ಬಿಣದ ಬಳಕೆ ಏರುತ್ತಲೇ ಇದೆಯೆಂದು ವ್ಯಾಪಾರದ ಪುಟಗಳಲ್ಲಿ ಓದುತ್ತೇನೆ. ಅಲ್ಲಿಯೂ ಒಂದು ರೇಖೆ ಇರುತ್ತದೆ, ಮೇಲೆ ಹೋಗುವಂಥದ್ದು. ನಾನು ಪುಟ ತಿರುಗಿಸುತ್ತೇನೆ.

ಮೊನ್ನೆ ಕೊಂಡ ತೆನೆಯನ್ನು ಮನೆಗೆ ತಂದು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಾಳನ್ನು ಉಗುರಿನಲ್ಲಿ ಒತ್ತಿದರು. ಬೆರಳ ತುದಿ ಬೆಳ್ಳಗಾಯಿತು.

"ಹಾಲುಂಟು," ಎಂದರು.

ಮಾವ ಹೋದ ಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆ ಇಷ್ಟು. ನಾನೂ ಅಮ್ಮನೂ ಬಂಟ್ವಾಳದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಅಮ್ಮ ಬೀಡಿ ಕಟ್ಟುವುದನ್ನು ಬಿಟ್ಟಿದ್ದಾರೆ. ಅಕ್ಕಿ ಅಂಗಡಿಯಿಂದ ಬರುತ್ತದೆ. ಹೊಸ ಅಕ್ಕಿಯ ಊಟವನ್ನು ನಿಲ್ಲಿಸಿದ್ದೇವೆ. ತೆನೆಯನ್ನು ಮುಂಬಾಗಿಲ ಕಬ್ಬಿಣದ ಗ್ರಿಲ್ಲಿಗೆ ಕಟ್ಟುತ್ತೇವೆ. ಅದನ್ನು ಯಾರೂ ತಲೆಯ ಮೇಲೆ ಹೊತ್ತು ತರುವುದಿಲ್ಲ. ತಂದವರ ಕಾಲಿಗೆ ಯಾರೂ ನೀರು ಹೊಯ್ಯುವುದಿಲ್ಲ.